ಇಯರ್‌ಫೋನ್‌ನಲ್ಲಿ ಹಾಡು ಕೇಳಿಸುತ್ತೆ, ಮೈಕ್ ಮಾತ್ರ ಕೆಲಸ ಮಾಡಲ್ಲ. ಯಾಕೆ?

ಹೊಸದಾಗಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ವಿಂಡೋಸ್ 11, ಮೊಬೈಲ್‌ಗೆ ಬಳಸುತ್ತಿದ್ದ ಇಯರ್‌ಫೋನ್. ಹಾಡು ಚೆನ್ನಾಗಿ ಬರುತ್ತದೆ, ಮೀಟಿಂಗ್‌ನಲ್ಲಿ ನಿಮ್ಮ ಮಾತು ಯಾರಿಗೂ ಕೇಳಿಸಲ್ಲ, ಸೌಂಡ್ ಡ್ರೈವರ್ (ಸೌಂಡ್ ಕೆಲಸ ಮಾಡಿಸುವ ಸಾಫ್ಟ್‌ವೇರ್) ಎರಡು ಸಲ ಹಾಕಿದ್ದಾಯಿತು, ಗುರುವಾರ ಇಂಟರ್‌ವ್ಯೂ ಇದೆ ಅಂದಿದ್ದೀರಿ. ದಯವಿಟ್ಟು ಡ್ರೈವರ್ ತಂಟೆಗೆ ಮತ್ತೆ ಹೋಗಬೇಡಿ. ತೊಂದರೆ ಪಿನ್‌ನಲ್ಲೇ ಇರಬಹುದು ಅಂತ ನನಗೆ ಅನ್ನಿಸುತ್ತಿದೆ.

ಇಯರ್‌ಫೋನ್ ಕಿತ್ತು ಪಿನ್ನನ್ನು ಬೆಳಕಿಗೆ ಹಿಡಿಯಿರಿ. ಲೋಹದ ಸುತ್ತ ಸಣ್ಣ ಸಣ್ಣ ಪ್ಲಾಸ್ಟಿಕ್ ಗೆರೆಗಳು ಕಾಣಿಸುತ್ತವೆ, ಸಾಮಾನ್ಯವಾಗಿ ಕಪ್ಪು. ಎಷ್ಟಿವೆ ಎಣಿಸಿ. ಮೂರು ಗೆರೆ ಇದ್ದರೆ ಲೋಹ ನಾಲ್ಕು ತುಂಡಾಗಿದೆ ಅಂತ ಅರ್ಥ. ತುದಿಯಿಂದ ಎಡಗಿವಿ, ಬಲಗಿವಿ, ಗ್ರೌಂಡ್ (ಎಲ್ಲಕ್ಕೂ ಸೇರಿದ ವಾಪಸ್ ದಾರಿ), ಕೊನೆಗೆ ಬುಡದಲ್ಲಿ ಮೈಕ್. ಈಗಿನ ಮೊಬೈಲ್ ಇಯರ್‌ಫೋನ್‌ಗಳಲ್ಲಿ ಹೆಚ್ಚಾಗಿ ಇದೇ ಕ್ರಮ.

ಡೆಸ್ಕ್‌ಟಾಪ್ ಹಿಂದೆ ನೋಡಿದರೆ ಹಸಿರು ತೂತು ಬೇರೆ, ಗುಲಾಬಿ ತೂತು ಬೇರೆ. ಹಸಿರು ಬರೀ ಹಾಡು ಕೇಳೋಕೆ. ಅಲ್ಲಿ ಮೈಕ್‌ಗೆ ಜಾಗವೇ ಇಲ್ಲ. ಗುಲಾಬಿ ಮೈಕ್‌ಗೇ ಇರುವುದು, ಆದರೆ ಅದು ದನಿಯನ್ನು ಪಿನ್ನಿನ ತುದಿಯಲ್ಲಿ ಹುಡುಕುತ್ತದೆ. ನಿಮ್ಮ ಮೈಕ್ ಇರುವುದು ಬುಡದಲ್ಲಿ. ಹಾಗಾಗಿ ಎಲ್ಲಿ ಚುಚ್ಚಿದರೂ ಮಾತು ಒಳಗೆ ಹೋಗಲ್ಲ. ಮೊಬೈಲ್‌ನಲ್ಲೂ ಈಚಿನ ಲ್ಯಾಪ್‌ಟಾಪ್‌ಗಳಲ್ಲೂ ಎರಡಕ್ಕೂ ಒಂದೇ ತೂತು ಇರುವುದರಿಂದ ಅಲ್ಲಿ ಇದೇ ಇಯರ್‌ಫೋನ್ ಸರಿಯಾಗಿ ಕೆಲಸ ಮಾಡುತ್ತದೆ.

ಅಕ್ಕನ ಮಗಳ ಕಂಪ್ಯೂಟರ್‌ನಲ್ಲಿ ಹೀಗೇ ಆಗಿತ್ತು. ಮಾರನೇ ದಿನ ಅವಳಿಗೂ ಇಂಟರ್‌ವ್ಯೂ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಇಬ್ಬರೂ ಸೆಟ್ಟಿಂಗ್ಸ್ ಜಾಲಾಡಿದೆವು. ಅವಳು ಅಳುವುದೊಂದು ಬಾಕಿ. ಕೊನೆಗೆ ಪಿನ್ ಕೈಯಲ್ಲಿ ಹಿಡಿದು ನೋಡಿದಾಗ ಗೊತ್ತಾಯಿತು. ಬೆಳಿಗ್ಗೆ ಮೊಬೈಲ್ ಅಂಗಡಿಯಿಂದ ಕವಲಿನ ಕೇಬಲ್ ತಂದು ಹಾಕಿದ ತಕ್ಷಣ ಅವಳ ದನಿ ಬಂತು. ನೀವೂ ಅದನ್ನೇ ತನ್ನಿ, ಸ್ಪ್ಲಿಟರ್ ಅಂತ ಕೇಳಿ. ಆದರೆ ನೋಡಿ ತಗೊಳ್ಳಿ: ಒಂದು ಕಡೆ ಇಯರ್‌ಫೋನ್ ಚುಚ್ಚುವ ಒಂದೇ ತೂತು, ಇನ್ನೊಂದು ಕಡೆ ಎರಡು ಪಿನ್ ಇರಬೇಕು. ಒಂದು ಪಿನ್, ಎರಡು ತೂತು ಇರುವುದೂ ಅಂಗಡಿಯಲ್ಲಿ ಸಿಗುತ್ತದೆ. ಅದು ನಿಮಗೆ ಬೇಡ. ಯುಎಸ್‌ಬಿ ಹೆಡ್‌ಸೆಟ್ ತಗೊಂಡರೆ ಈ ಪಿನ್ನಿನ ಗೊಡವೆಯೇ ಇಲ್ಲ, ಖರ್ಚು ಸ್ವಲ್ಪ ಜಾಸ್ತಿ.

ಕೇಬಲ್‌ನ ಪಿನ್‌ಗಳನ್ನು ಮೊದಲು ಹಿಂದಿನ ತೂತುಗಳಿಗೇ ಹಾಕಿ, ಹಾಡಿನದು ಹಸಿರಿಗೆ, ಮೈಕ್‌ನದು ಗುಲಾಬಿಗೆ. ಅಸೆಂಬಲ್ ಮಾಡುವಾಗ ಕ್ಯಾಬಿನೆಟ್ ಮುಂದಿನ ತೂತುಗಳ ವೈರನ್ನು ಮದರ್‌ಬೋರ್ಡ್‌ಗೆ ಸಿಕ್ಕಿಸಲು ಮರೆತಿರುವುದೂ ಉಂಟು. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ ಇನ್‌ಪುಟ್‌ನಲ್ಲಿ ನಿಮ್ಮ ಮೈಕ್ ಆರಿಸಿ, ಮೈಕ್ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲ್ಲಿ ದನಿಯ ಮಟ್ಟ ತೋರಿಸುವ ಅಡ್ಡಪಟ್ಟಿ ಕುಣಿಯುತ್ತಿದೆಯಾ? ಕುಣಿದರೆ ಕಂಪ್ಯೂಟರ್‌ಗೆ ದನಿ ಮುಟ್ಟುತ್ತಿದೆ, ಪಿನ್ ಕಡೆ ಮತ್ತೆ ನೋಡಬೇಕಾಗಿಲ್ಲ. ಕುಣಿಯದಿದ್ದರೆ ಪಿನ್‌ಗಳು ಅದಲುಬದಲಾಗಿವೆಯೇ, ಇನ್‌ಪುಟ್ ವಾಲ್ಯೂಮ್ ಸೊನ್ನೆಯಲ್ಲಿದೆಯೇ, ಇಯರ್‌ಫೋನ್ ವೈರಿನಲ್ಲೇ ಮ್ಯೂಟ್ ಬಟನ್ ಇದೆಯೇ ನೋಡಿ.

ಪಟ್ಟಿ ಕುಣಿದೂ ಮೀಟಿಂಗ್‌ನಲ್ಲಿ ಕೇಳಿಸದಿದ್ದರೆ ಮುಕ್ಕಾಲುಪಾಲು ಅನುಮತಿಯದೇ ಸಮಸ್ಯೆ. ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿಯಲ್ಲಿ ಮೈಕ್ರೊಫೋನ್ ತೆರೆಯಿರಿ. ಮೇಲಿನ ಸ್ವಿಚ್ ಆನ್ ಇದ್ದರೆ ಸಾಲದು, ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅಂತ ಇರುವ ಇನ್ನೊಂದು ಸ್ವಿಚ್ಚೂ ಆನ್ ಇರಬೇಕು. ಕ್ರೋಮ್‌ನಲ್ಲಿ ಸೇರುವುದಾದರೆ ವಿಳಾಸದ ಎಡಕ್ಕಿರುವ ಗುರುತು ಒತ್ತಿ ಮೈಕ್ ಅನುಮತಿ ಕೊಡಿ. ಮೀಟಿಂಗ್ ಆ್ಯಪ್‌ನ ಒಳಗೂ ಒಮ್ಮೆ ನೋಡಿ, ಅದು ಸುಮ್ನೆ ವೆಬ್‌ಕ್ಯಾಮ್‌ನ ಮೈಕ್ ಹಿಡಿದುಕೊಂಡು ಕೂತಿರಬಹುದು.

ಕೇಬಲ್ ಇವತ್ತೇ ತನ್ನಿ, ಬುಧವಾರ ರಾತ್ರಿಗೆ ಬಿಡಬೇಡಿ. ಸಿಗಲೇ ಇಲ್ಲ ಅಂದರೆ ಇಂಟರ್‌ವ್ಯೂಗೆ ಮೊಬೈಲ್‌ನಿಂದಲೇ ಸೇರಿ, ಅದರಲ್ಲಿ ಈ ಇಯರ್‌ಫೋನ್ ಮೈಕ್ ಕೆಲಸ ಮಾಡುತ್ತದೆ. ಪಿನ್‌ನಲ್ಲಿ ಎರಡೇ ಗೆರೆ ಕಂಡರೆ ಅದರಲ್ಲಿ ಮೈಕ್ ಇರುವ ಸಾಧ್ಯತೆ ಕಡಿಮೆ. ಆಗ ಪಿನ್ನಿನ ಒಂದು ಫೋಟೋ ಹಾಕಿ, ರಾತ್ರಿ ನೋಡಿ ಹೇಳುತ್ತೇನೆ.