ಲ್ಯಾಪ್‌ಟಾಪ್ ಪದೇ ಪದೇ ಪಾಸ್‌ವರ್ಡ್ ಕೇಳದಿರಲು

ನಮಸ್ಕಾರ. ನಿಮ್ಮ ಡೊಂಬಿವಲಿ ಮನೆಯ ಡೆಸ್ಕ್‌ಟಾಪ್‌ನಲ್ಲಿರುವ ಫೋಟೋ ಫೋಲ್ಡರನ್ನು ಲ್ಯಾಪ್‌ಟಾಪ್‌ನಿಂದ ತೆರೆದಾಗಲೆಲ್ಲ ವಿಂಡೋಸ್ ಪಾಸ್‌ವರ್ಡ್ ಕೇಳುತ್ತದೆ, ಪಿನ್ ಹಾಕಿದರೂ ಒಪ್ಪುವುದಿಲ್ಲ ಅಂದಿದ್ದೀರಿ. ಪಿನ್ ಒಪ್ಪುವುದೇ ಇಲ್ಲ ಬಿಡಿ. ಅದು ಆ ಒಂದು ಕಂಪ್ಯೂಟರ್‌ಗೆ ಮಾತ್ರ. ನೆಟ್‌ವರ್ಕ್ ಮೂಲಕ ಹೋಗಲು ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯೂ ನಡೆಯುವುದಿಲ್ಲ.

ಡೆಸ್ಕ್‌ಟಾಪ್‌ನಲ್ಲಿ ಇದಕ್ಕೆಂದೇ ಒಂದು ಲೋಕಲ್ ಖಾತೆ (ಆ ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಖಾತೆ) ಮಾಡಿ, ಪಾಸ್‌ವರ್ಡ್ ಇಟ್ಟು, ಫೋಲ್ಡರನ್ನು ಆ ಖಾತೆಗೆ ಶೇರ್ ಮಾಡಿ. ಆಮೇಲೆ ಲ್ಯಾಪ್‌ಟಾಪ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ (ವಿಂಡೋಸ್ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಜಾಗ) ತೆರೆಯಿರಿ. ವಿಂಡೋಸ್ ಕ್ರೆಡೆನ್ಶಿಯಲ್ಸ್ ಅಡಿಯಲ್ಲಿ ಡೆಸ್ಕ್‌ಟಾಪ್‌ನ ಹೆಸರು, ಖಾತೆಯ ಹೆಸರು, ಪಾಸ್‌ವರ್ಡ್ ಸೇರಿಸಿ. ಖಾತೆಯ ಹೆಸರಿಗೆ ಮೊದಲು ಡೆಸ್ಕ್‌ಟಾಪ್‌ನ ಹೆಸರು ಮತ್ತು ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಗೊಂದಲ ಇರುವುದಿಲ್ಲ. ಒಂದು ಮಾತು: ಇಲ್ಲಿ ಡೆಸ್ಕ್‌ಟಾಪ್‌ನ ಹೆಸರು ಕೊಟ್ಟು, ಫೋಲ್ಡರನ್ನು ಅದರ ಐಪಿ ವಿಳಾಸದಿಂದ (ನೆಟ್‌ವರ್ಕ್‌ನಲ್ಲಿ ಅದಕ್ಕಿರುವ ಅಂಕಿಗಳ ವಿಳಾಸ) ತೆರೆದರೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸ್‌ಗೆ ಅದು ಬೇರೆ ವಿಳಾಸ.

ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿ ಅನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಶೇರ್ ಮಾಡಿದ ಫೋಲ್ಡರನ್ನು ಅದೇ ನೆಟ್‌ವರ್ಕ್‌ನಲ್ಲಿರುವವರು ಪಾಸ್‌ವರ್ಡ್ ಇಲ್ಲದೆ ತೆರೆಯಬಹುದು, ನನಗೆ ಅದು ಹಿಡಿಸುವುದಿಲ್ಲ. ಪಕ್ಕದ ಫ್ಲ್ಯಾಟ್‌ನವರಿಗೂ ನಮ್ಮ ವೈಫೈ ಕೊಟ್ಟಿರುತ್ತೇವೆ, ಅಲ್ವಾ? ಮೇಲಾಗಿ ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಲ್ಲಿ ಗೆಸ್ಟ್ ಆಗಿ, ಅಂದರೆ ಪಾಸ್‌ವರ್ಡ್ ಇಲ್ಲದೆ, ಬೇರೆ ಕಂಪ್ಯೂಟರ್‌ನ ಫೋಲ್ಡರ್‌ಗೆ ಒಳಹೋಗುವುದು ಮೊದಲಿಂದಲೇ ಬಂದ್ ಆಗಿರುತ್ತದೆ. ಸುಮ್ನೆ ಜಾಸ್ತಿ ಗೋಳು.