ಎಚ್-ಇಂಡೆಕ್ಸ್ 14 ದೊಡ್ಡದೋ, 4 ದೊಡ್ಡದೋ?

ಸಂಶೋಧನೆ ಅಳೆಯುವುದು ಹೇಗೆ ಅಂತ ಕೇಳುವವರಿಗೆ ಇಷ್ಟು ದಿನ ಒಬ್ಬೊಬ್ಬರಿಗೇ ಉತ್ತರ ಬರೆಯುತ್ತಿದ್ದೆ. ಇನ್ನು ಆಗದು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರೆಗೆ ಎಲ್ಲರದ್ದೂ ಅವೇ ನಾಲ್ಕೈದು ಪ್ರಶ್ನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಪರಿಶೀಲನೆ ಇದೆ ಅಂತ ಸುದ್ದಿ ಬಂದರಂತೂ ಫೋನು ನಿಲ್ಲುವುದೇ ಇಲ್ಲ. ಅದಕ್ಕೇ ಒಟ್ಟಿಗೆ ಬರೆದುಬಿಡುತ್ತಿದ್ದೇನೆ.

ಸೈಟೇಶನ್ ಅಂದರೆ ಉಲ್ಲೇಖ, ನಿಮ್ಮ ಲೇಖನವನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಹೆಸರಿಸುವುದು; ಸ್ಕೋಪಸ್ ಅಂದರೆ ಅಂಥ ಉಲ್ಲೇಖಗಳನ್ನು ಎಣಿಸಿಡುವ ಒಂದು ಡೇಟಾಬೇಸ್. ಇದಕ್ಕಿಂತ ಹೆಚ್ಚು ಪಾಠ ಮಾಡುವುದಿಲ್ಲ. ಎಚ್-ಇಂಡೆಕ್ಸ್ ಬಗ್ಗೆಯೂ ಒಂದೇ ಮಾತು. ನಿಮ್ಮ ಹತ್ತು ಲೇಖನಗಳಿಗೆ ತಲಾ ಹತ್ತಕ್ಕೆ ಕಡಿಮೆ ಇಲ್ಲದಷ್ಟು ಉಲ್ಲೇಖ ಸಿಕ್ಕಿದ್ದರೆ, ಹನ್ನೊಂದು ಲೇಖನಗಳಿಗೆ ತಲಾ ಹನ್ನೊಂದರ ಲೆಕ್ಕ ಕೂಡದಿದ್ದರೆ, ನಿಮ್ಮ ಎಚ್ 10. ಮುಂದೆ ಹೋಗೋಣ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಈ ವರ್ಷದಿಂದ ಉತ್ತಮ ಸಂಶೋಧಕ ಪ್ರಶಸ್ತಿ ಕೊಡಬೇಕೆಂದಿದ್ದೇವೆ. ಮೂವರು ಅರ್ಜಿ ಹಾಕಿದ್ದಾರೆ. ಸಾಗರ ಜೀವಶಾಸ್ತ್ರದ ಮೇಷ್ಟ್ರು ಕಾಳಿ ಅಳಿವೆಯ ಚಿಪ್ಪುಮೀನುಗಳ ಮೇಲೆ ಕೆಲಸ ಮಾಡಿದವರು, ಮೊದಲ ಲೇಖನ ಬರೆದು 21 ವರ್ಷ, ಎಚ್-ಇಂಡೆಕ್ಸ್ 14. ಗಣಿತದ ಮೇಡಂ ಮೊದಲ ಲೇಖನ ಬರೆದು ಐದು ವರ್ಷ, ಎಚ್-ಇಂಡೆಕ್ಸ್ 4. ಕನ್ನಡದ ಮೇಷ್ಟ್ರು ಬನವಾಸಿ ಸುತ್ತಮುತ್ತಲ ಶಾಸನಗಳ ಮೇಲೆ ಎರಡು ಪುಸ್ತಕ ಬರೆದಿದ್ದಾರೆ, ಎಚ್-ಇಂಡೆಕ್ಸ್ 1. ಅಂಕಿಯಲ್ಲಿ ಮುಂದಿರುವವರಿಗೇ ಕೊಟ್ಟರೆ ತಕರಾರು ಬರಲಿಕ್ಕಿಲ್ಲ ಅಲ್ಲವೇ? — ಆಯ್ಕೆ ಸಮಿತಿಯ ಸದಸ್ಯರು, ಕಾರವಾರ

ಉತ್ತರ: ತಕರಾರು ಬರಲಿಕ್ಕಿಲ್ಲ, ನಿಜ. ತಪ್ಪು ಮಾತ್ರ ಆಗುತ್ತದೆ.

ಶಿರಸಿಯಲ್ಲಿ ಅಡಿಕೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಮಾರುತ್ತಾರೆ, ತೆಂಗಿನಕಾಯಿಯನ್ನು ಎಣಿಸಿ ಕೊಡುತ್ತಾರೆ. ಹತ್ತು ಕ್ವಿಂಟಲ್ ದೊಡ್ಡದೋ ಇನ್ನೂರು ಕಾಯಿ ದೊಡ್ಡದೋ ಅಂತ ಮಂಡಿಯಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಸಮಿತಿ ಕೇಳುತ್ತಿರುವುದು ಅದನ್ನೇ.

ಎಚ್-ಇಂಡೆಕ್ಸ್ ಕೊಟ್ಟವರು ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ, 2005ರಲ್ಲಿ. ಅವರ ಆ ಲೇಖನದಲ್ಲೇ ಒಂದು ಉದಾಹರಣೆ ಇದೆ. ಭೌತಶಾಸ್ತ್ರದಲ್ಲಿ ಎಲ್ಲರಿಗಿಂತ ಮೇಲೆ ಎಡ್ವರ್ಡ್ ವಿಟ್ಟನ್, ಎಚ್ 110. ಜೀವವಿಜ್ಞಾನದಲ್ಲಿ ಎಲ್ಲರಿಗಿಂತ ಮೇಲೆ ಸಾಲೊಮನ್ ಸ್ನೈಡರ್, ಎಚ್ 191. ಹಾಗಂತ ವಿಟ್ಟನ್ ಸಣ್ಣವರು ಅಂತ ಹಿರ್ಷ್ ಹೇಳಲಿಲ್ಲ. ಕ್ಷೇತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ, ಅಡ್ಡಡ್ಡ ಹೋಲಿಸಬೇಡಿ ಎಂಬ ಎಚ್ಚರಿಕೆ ಅಲ್ಲೇ ಇದೆ. ಇಪ್ಪತ್ತು ವರ್ಷ ಆಯಿತು, ನಮ್ಮ ಸಮಿತಿಗಳು ಇನ್ನೂ ಅಡ್ಡಡ್ಡವೇ ಹೋಲಿಸುತ್ತಿವೆ.

ಅಂಕಿ ಯಾಕೆ ಬದಲಾಗುತ್ತದೆ? ಜೀವವಿಜ್ಞಾನದ ಒಂದು ಲೇಖನದ ಕೊನೆಯಲ್ಲಿ ನಲವತ್ತು ಐವತ್ತು ಉಲ್ಲೇಖ ಇರುವುದು ಮಾಮೂಲು. ಗಣಿತದಲ್ಲಿ ಅದರ ಅರ್ಧ ಇದ್ದರೂ ಹೆಚ್ಚು. ಜೀವವಿಜ್ಞಾನದಲ್ಲಿ ಐದಾರು ಜನ ಸೇರಿ ಬರೆಯುತ್ತಾರೆ, ಆರೂ ಜನರ ಖಾತೆಗೆ ಪೂರ್ತಿ ಜಮಾ ಆಗುತ್ತದೆ. ಗಣಿತದವರು ಒಬ್ಬರೋ ಇಬ್ಬರೋ ಕೂತು ಬರೆಯುತ್ತಾರೆ. ಈ ಜಂಟಿ ಖಾತೆ ಎಲ್ಲಿಗೆ ಹೋಗಬಹುದು ಅಂತ ನೋಡಬೇಕಾ? 2015ರಲ್ಲಿ ಹಿಗ್ಸ್ ಕಣದ ತೂಕದ ಮೇಲೆ ಬಂದ ಲೇಖನಕ್ಕೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ! ಅದರ ಪ್ರತಿ ಉಲ್ಲೇಖವೂ ಅಷ್ಟೂ ಜನರಿಗೆ ಪೂರ್ತಿ ಸಿಗುತ್ತದೆ.

ಇನ್ನು ವಯಸ್ಸು. ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮೇಷ್ಟ್ರು ನಾಳೆಯಿಂದ ಒಂದಕ್ಷರ ಬರೆಯದಿದ್ದರೂ ಆ 14 ಹಾಗೇ ಇರುತ್ತದೆ, ಹೆಚ್ಚಲೂಬಹುದು. ಇದಕ್ಕೆ ಹಿರ್ಷ್ ಅವರೇ ಒಂದು ಸುಲಭ ಉಪಾಯ ಹೇಳಿದ್ದರು: ಮೊದಲ ಲೇಖನ ಬಂದು ಎಷ್ಟು ವರ್ಷ ಆಯಿತೋ ಅಷ್ಟರಿಂದ ಎಚ್ ಅನ್ನು ಭಾಗಿಸಿ. ಮೇಷ್ಟ್ರದು 21 ವರ್ಷಕ್ಕೆ 14, ಅಂದರೆ 0.67. ಮೇಡಮ್ಮನದು 5 ವರ್ಷಕ್ಕೆ 4, ಅಂದರೆ 0.8. ಈಗ ಯಾರು ಮುಂದೆ? ಹಾಗಂತ ಪ್ರಶಸ್ತಿಯನ್ನು ಮೇಡಮ್ಮನಿಗೇ ಕೊಟ್ಟುಬಿಡಿ ಅನ್ನುತ್ತಿಲ್ಲ. ಐದು ವರ್ಷ ಬಹಳ ಕಡಿಮೆ ಅವಧಿ, ಒಂದು ಲೇಖನ ಆಚೀಚೆ ಆದರೆ ಲೆಕ್ಕವೇ ತಿರುಗಿಬೀಳುತ್ತದೆ. ನೀವು ನಂಬಿ ಕೂತ ಅಂಕಿ ಎಷ್ಟು ಗಟ್ಟಿ ಅಂತ ತೋರಿಸಿದೆ, ಅಷ್ಟೇ.

ಅಂಕಿ ಬೇಕೇಬೇಕು ಅಂದರೆ ಲೇಖನವನ್ನು ಅದರ ಸಂಗಾತಿಗಳ ಜೊತೆ ಮಾತ್ರ ಹೋಲಿಸಿ. ಅದೇ ಕ್ಷೇತ್ರ, ಅದೇ ವರ್ಷ, ಅದೇ ಬಗೆಯ ಬರಹ. ಉದಾಹರಣೆಗೆ ಸುಮ್ನೆ ಒಂದು ಲೆಕ್ಕ ಹಾಕೋಣ. 2018ರ ಸಾಗರ ಜೀವಶಾಸ್ತ್ರದ ಲೇಖನಕ್ಕೆ 24 ಉಲ್ಲೇಖ, ಅಂಥ ಲೇಖನಗಳ ಜಾಗತಿಕ ಸರಾಸರಿ 16 ಅಂತಿಟ್ಟುಕೊಳ್ಳಿ. 24 ಭಾಗಿಸು 16, ಒಂದೂವರೆ. ಅದೇ ವರ್ಷದ ಗಣಿತದ ಲೇಖನಕ್ಕೆ 9, ಸರಾಸರಿ ನಾಲ್ಕೂವರೆ. ಭಾಗಿಸಿದರೆ 2. ಒಂಬತ್ತು ಇಪ್ಪತ್ನಾಲ್ಕನ್ನು ಹಿಂದೆ ಹಾಕಿತು ನೋಡಿ. ಸ್ಕೋಪಸ್‌ನವರು ಕ್ಷೇತ್ರವಾರು ಸರಿಹೊಂದಿಸಿದ ಅಂಕಿ ಅಂತ ಕೊಡುವುದು ಇದನ್ನೇ, ಅಲ್ಲಿ 1 ಅಂದರೆ ಜಗತ್ತಿನ ಸರಾಸರಿ. ಚಂದಾ ಕಟ್ಟಲು ಕಾಲೇಜಿಗೆ ಆಗದಿದ್ದರೆ ಅಂಥದೇ ಇನ್ನೊಂದು ಡೇಟಾಬೇಸ್ ಓಪನ್‌ಅಲೆಕ್ಸ್ ಇದೆ, ಉಚಿತ. ಅದೂ ತಲೆನೋವು ಅನ್ನಿಸಿದರೆ ಒಂದು ಕೈಲೆಕ್ಕ ಹೇಳುತ್ತೇನೆ. ಆ ಲೇಖನ ಬಂದ ಪತ್ರಿಕೆಯ ಅದೇ ಸಂಚಿಕೆ ತೆರೆಯಿರಿ. ಅಲ್ಲಿರುವ ಎಲ್ಲ ಲೇಖನಗಳ ಉಲ್ಲೇಖ ಬರೆದುಕೊಳ್ಳಿ, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ. ನಿಮ್ಮವರದು ಮೇಲಿನ ಮೂರರಲ್ಲಿದೆಯೋ ಕೆಳಗಿನ ಮೂರರಲ್ಲೋ ನೋಡಿ. ಅರ್ಧ ಗಂಟೆಯ ಕೆಲಸ. ಸರಾಸರಿಗಿಂತ ಈ ಸ್ಥಾನ ನೋಡುವುದೇ ವಾಸಿ. ಒಂದೇ ಒಂದು ಲೇಖನಕ್ಕೆ ಸಾವಿರ ಉಲ್ಲೇಖ ಬಿದ್ದರೂ ಸಾಕು, ಸರಾಸರಿ ಕೆಟ್ಟುಹೋಗುತ್ತದೆ.

ಇಷ್ಟಾದರೂ ಹುಷಾರಾಗಿರಿ. ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖ ಸಿಕ್ಕಿದ್ದು 1951ರ ಒಂದು ಲೇಖನಕ್ಕೆ, ಮೂರು ಲಕ್ಷಕ್ಕೂ ಜಾಸ್ತಿ. ಅದರಲ್ಲಿರುವುದು ಪ್ರೋಟೀನ್ ಅಳೆಯುವ ಒಂದು ವಿಧಾನ. ಉಪಯೋಗದ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಅದು ಆ ಶತಮಾನದ ಅತಿ ದೊಡ್ಡ ಸಂಶೋಧನೆ ಅಂತ ಬರೆದ ಲೌರಿ ಅವರೂ ಹೇಳಿಕೊಳ್ಳಲಿಲ್ಲ.

ಈಗ ಕನ್ನಡದ ಮೇಷ್ಟ್ರ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ತರಿಸಿದ್ದು ಆ ‘ಎಚ್-ಇಂಡೆಕ್ಸ್ 1’. ಅದು ಅವರ ಅಂಕಿಯೇ ಅಲ್ಲ, ಡೇಟಾಬೇಸಿನ ಕುರುಡು. ಸ್ಕೋಪಸ್ಸಾಗಲಿ ಅದರಂಥದೇ ಇನ್ನೊಂದಾದ ವೆಬ್ ಆಫ್ ಸೈನ್ಸ್ ಆಗಲಿ ಕನ್ನಡ ಪುಸ್ತಕಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಅಂದರೂ ಸರಿ. ಒಂದು ವೀರಗಲ್ಲಿನ ಪಾಠ ತಿದ್ದಿದ ಕೆಲಸ ಉಳಿಯುವುದು ಇನ್ನೊಂದು ಕನ್ನಡ ಪುಸ್ತಕದ ಅಡಿಟಿಪ್ಪಣಿಯಲ್ಲಿ, ಕೊನೆಯ ಗ್ರಂಥಋಣದಲ್ಲಿ. ಅಲ್ಲಿಗೆ ಯಾವ ಯಂತ್ರವೂ ಹೋಗಿ ಎಣಿಸುವುದಿಲ್ಲ. ಹಾಗಾಗಿ ಅವರಿಗೆ ಸರಾಸರಿ, ಭಾಗಾಕಾರ ಯಾವುದೂ ಬೇಡ.

ಬೇರೆ ದಾರಿ ಇದೆ. ಭಾರತದ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣ ತೆರೆದು ಬನವಾಸಿ, ಕದಂಬರು, ಶಾಸನ ಅಂತ ಹುಡುಕಿ. ಕನ್ನಡ, ಇತಿಹಾಸ ವಿಭಾಗಗಳ ಪಿಎಚ್‌ಡಿ ಪ್ರಬಂಧಗಳು ಸಿಗುತ್ತವೆ. ಕೊನೆಯ ಪುಟಗಳಿಗೆ ಹೋಗಿ ಇವರ ಪುಸ್ತಕ ಇದೆಯಾ ನೋಡಿ. ಇದ್ದರೆ ಒಳಗೆ ಎಲ್ಲಿ ಬಳಸಿದ್ದಾರೆ ಅಂತಲೂ ಹುಡುಕಿ. ಬರೀ ಪಟ್ಟಿಯಲ್ಲಿ ಹೆಸರಿದೆಯೋ, ಇವರ ಓದನ್ನು ಒಪ್ಪಿದ್ದಾರೋ, ಜಗಳ ಆಡಿದ್ದಾರೋ? ಜಗಳ ಆಡಿದ್ದರೆ ಇನ್ನೂ ಒಳ್ಳೆಯದು, ಓದದ ಪುಸ್ತಕದ ಜೊತೆ ಯಾರೂ ಜಗಳ ಆಡುವುದಿಲ್ಲ. ಪುಸ್ತಕ ಯಾವುದಾದರೂ ವಿಶ್ವವಿದ್ಯಾಲಯದ ಪಠ್ಯದಲ್ಲಿದೆಯಾ, ವಿಮರ್ಶೆ ಬಂದಿದೆಯಾ ಕೇಳಿ.

ಆಮೇಲೆ ಮೂವರಿಗೂ ಒಂದೇ ನಿಯಮ ಮಾಡಿ. ತಮ್ಮ ಅತ್ಯುತ್ತಮ ಮೂರು ಬರಹ ಕೊಡಲಿ, ಪ್ರತಿಯೊಂದಕ್ಕೆ ಒಂದು ಪುಟದ ವಿವರಣೆ: ಮೊದಲು ಏನು ಗೊತ್ತಿರಲಿಲ್ಲ, ಈಗ ಏನು ಗೊತ್ತಾಯಿತು, ಇದರಲ್ಲಿ ನನ್ನ ಪಾಲು ಎಷ್ಟು. ಅದನ್ನು ಆಯಾ ವಿಷಯದ ಹೊರಗಿನ ಇಬ್ಬರಿಗೆ ಕಳಿಸಿ ಓದಿಸಿ. ಅಂಕಿಗಳು ಪಕ್ಕದಲ್ಲಿರಲಿ, ಮುಂದೆ ಬೇಡ. ಇದು ನನ್ನ ಹಟ ಅಂದುಕೊಳ್ಳಬೇಡಿ. 2015ರಲ್ಲಿ ಈ ಅಳತೆಯಲ್ಲೇ ಪಳಗಿದವರು ಸೇರಿ ಹೊರತಂದ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಮೊದಲನೆಯದೇ ಇದು. ಮೂರನೆಯದು ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಿ ಅನ್ನುತ್ತದೆ. ಬನವಾಸಿಯ ಶಾಸನಕ್ಕಿಂತ ಸ್ಥಳೀಯವಾದದ್ದು ನಮಗೆ ಇನ್ನೇನಿದೆ?

ಓದಲು ಪುರುಸೊತ್ತಿಲ್ಲ ಅಂದರೆ ದಯವಿಟ್ಟು ಪ್ರಶಸ್ತಿಯನ್ನೇ ಕೈಬಿಡಿ.

ಪ್ರಶ್ನೆ: ವಾಟ್ಸ್ಆಪ್‌ನಲ್ಲಿ ಸಂದೇಶ ಬಂದಿದೆ. ಮೂರು ದಿನದಲ್ಲಿ ಪ್ರಕಟಣೆ, ಇಂಪ್ಯಾಕ್ಟ್ ಫ್ಯಾಕ್ಟರ್ 7ಕ್ಕಿಂತ ಜಾಸ್ತಿ, ಯುಜಿಸಿ ಮಾನ್ಯತೆ, ಪ್ರಮಾಣಪತ್ರ ಉಚಿತ. ಕಳಿಸಬಹುದೇ? — ಸಂಶೋಧನಾ ವಿದ್ಯಾರ್ಥಿನಿ, ಶಿರಸಿ

ಉತ್ತರ: ಬೇಡ ತಂಗಿ. ಮೂರು ದಿನದಲ್ಲಿ ಲೇಖನವನ್ನು ಓದಿ, ತಿದ್ದಿಸಿ, ಮತ್ತೆ ಓದುವ ವಿಮರ್ಶಕರು ಎಲ್ಲಿದ್ದಾರೆ? ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಒಂದು ಪತ್ರಿಕೆಯ ಇತ್ತೀಚಿನ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಸಿಕ್ಕಿದೆ ಎಂಬ ಅಂಕಿ. ಅಸಲಿಯದು ಬರುವುದು ಕ್ಲಾರಿವೇಟ್ ಕಂಪನಿಯ ಜರ್ನಲ್ ಸೈಟೇಶನ್ ರಿಪೋರ್ಟ್ಸ್‌ನಿಂದ ಮಾತ್ರ. ಹಿಂದೆ ಮುಂದೆ ದೊಡ್ಡ ದೊಡ್ಡ ವಿಶೇಷಣ ಹಚ್ಚಿಕೊಂಡು ಬರುವ ಉಳಿದ ‘ಫ್ಯಾಕ್ಟರ್’ಗಳು ದುಡ್ಡಿಗೆ ಸಿಗುತ್ತವೆ. ಯುಜಿಸಿ ಒಪ್ಪಿದ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ, ಇನ್ನು ಆ ಮಾನ್ಯತೆ ಎಲ್ಲಿಂದ ಬಂತು? ಐಎಸ್‌ಎಸ್‌ಎನ್ ಇದೆ ಅಂತಲೂ ನಂಬಬೇಡಿ. ಅದು ಪತ್ರಿಕೆಯ ಗುರುತಿನ ನಂಬರ್, ಗುಣಮಟ್ಟದ ಮುದ್ರೆ ಅಲ್ಲ. ಇಂಥವರನ್ನು ‘ಸಹಾಯ ಮಾಡುತ್ತಾರೆ’ ಅಂತ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಸುವ ಗೈಡುಗಳೂ ನಮ್ಮ ಜಿಲ್ಲೆಯಲ್ಲಿದ್ದಾರೆ. ನಾಚಿಕೆಯಾಗಬೇಕು.

ಇನ್ನೊಂದು. ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಪತ್ರಿಕೆಯದು, ನಿಮ್ಮದಲ್ಲ. ಯೂಜೀನ್ ಗಾರ್ಫೀಲ್ಡ್ ಅದನ್ನು ರೂಪಿಸಿದ್ದು ಪತ್ರಿಕೆಗಳನ್ನು ಆರಿಸಲಿಕ್ಕೆ, ಮನುಷ್ಯರನ್ನು ಆರಿಸಲಿಕ್ಕಲ್ಲ.

ಪ್ರಶ್ನೆ: ಎಚ್-ಇಂಡೆಕ್ಸ್ ಬೇಗ ಏರಿಸುವುದು ಹೇಗೆ? — ಅಂಕೋಲಾ

ಉತ್ತರ: ‘ನೀನು ನನ್ನದು ಹಾಕು, ನಾನು ನಿನ್ನದು ಹಾಕ್ತೇನೆ’ ಅನ್ನುವ ಗುಂಪಿಗೆ ಸೇರಲು ಕೇಳುತ್ತಿದ್ದೀರಿ ಅಂತ ಗೊತ್ತಾಯಿತು. ನನ್ನಲ್ಲಿ ಉತ್ತರ ಇಲ್ಲ.

ಪ್ರಶ್ನೆ: ನಮ್ಮ ಸಹೋದ್ಯೋಗಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶೇ. 2 ವಿಜ್ಞಾನಿ ಪ್ರಶಸ್ತಿ ಬಂದಿದೆ. ಸನ್ಮಾನ ಮಾಡಬಹುದೇ? — ಕುಮಟಾ

ಉತ್ತರ: ಸನ್ಮಾನ ಮಾಡಿ, ಫ್ಲೆಕ್ಸ್‌ನಲ್ಲಿ ‘ಪ್ರಶಸ್ತಿ’ ಅಂತ ಹಾಕಬೇಡಿ. ಅದು ಅಲ್ಲಿಯ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಮಾಹಿತಿಯಿಂದ ಮಾಡುವ, ಹೆಚ್ಚು ಉಲ್ಲೇಖ ಪಡೆದ ವಿಜ್ಞಾನಿಗಳ ಪಟ್ಟಿ. ಯಾರೂ ಅರ್ಜಿ ಹಾಕುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಸಹಲೇಖಕರ ಸಂಖ್ಯೆ, ಸ್ವಂತ ಉಲ್ಲೇಖ ಎಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಆ ಮಟ್ಟಿಗೆ ಒಳ್ಳೆಯ ಕೆಲಸವೇ.

ಪ್ರಶ್ನೆ: ನನ್ನ ರಿಸರ್ಚ್‌ಗೇಟ್ ಸ್ಕೋರ್ ಬಯೋಡೇಟಾದಲ್ಲಿ ಹಾಕಲೇ? — ಹೊನ್ನಾವರ

ಉತ್ತರ: ರಿಸರ್ಚ್‌ಗೇಟ್ ಸಂಶೋಧಕರು ಲೇಖನ ಹಂಚಿಕೊಳ್ಳುವ ಜಾಲತಾಣ. ಆ ಸ್ಕೋರನ್ನು ಅದರ ಕಂಪನಿಯೇ 2022ರಲ್ಲಿ ತೆಗೆದುಹಾಕಿದೆ.

ಪ್ರಶ್ನೆ: ಗೂಗಲ್ ಸ್ಕಾಲರ್‌ನಲ್ಲಿ ನನ್ನ ಎಚ್ 19, ಸ್ಕೋಪಸ್‌ನಲ್ಲಿ 6. ಯಾವುದು ಸರಿ? — ಯಲ್ಲಾಪುರ

ಉತ್ತರ: ಗೂಗಲ್ ಸ್ಕಾಲರ್ ಪುಸ್ತಕ, ಪ್ರಬಂಧ, ಜಾಲದಲ್ಲಿ ಬಿದ್ದಿರುವ ಪಿಡಿಎಫ್ ಎಲ್ಲ ಎಣಿಸುತ್ತದೆ. ಸ್ಕೋಪಸ್ ತಾನು ಆರಿಸಿಕೊಂಡದ್ದನ್ನು ಮಾತ್ರ. ಸ್ವಲ್ಪ ವ್ಯತ್ಯಾಸ ಸಹಜ. ಆದರೆ 19 ಮತ್ತು 6? ನಿಮ್ಮ ಹೆಸರು ನೋಡಿದ ಕೂಡಲೇ ನನಗೆ ಅನುಮಾನ ಬಂತು. ಒಂದು ಇನಿಷಿಯಲ್, ಮುಂದೆ ‘ಹೆಗಡೆ’. ನಮ್ಮ ಕಡೆ ಎಸ್. ಹೆಗಡೆ, ಜಿ. ಭಟ್, ಆರ್. ನಾಯ್ಕ ಎಷ್ಟು ಜನ ಇಲ್ಲ ಹೇಳಿ? ನಿಮ್ಮ ಪುಟ ತೆರೆದು ನೋಡಿದೆ. ಅಡಿಕೆ ಕೊಳೆರೋಗದ ನಿಮ್ಮ ಲೇಖನಗಳ ನಡುವೆ ಹೃದಯದ ಶಸ್ತ್ರಚಿಕಿತ್ಸೆ, ಕಾಂಕ್ರೀಟು, ಮಕ್ಕಳ ಹಲ್ಲು ಎಲ್ಲ ಕೂತಿವೆ. ‘ತಾನಾಗಿ ಸೇರಿಸು’ ಅನ್ನುವ ಆಯ್ಕೆ ಬಿಟ್ಟಿದ್ದೀರಿ, ಗೂಗಲ್ ಸೇರಿಸುತ್ತಾ ಹೋಗಿದೆ. ಬೇರೆಯವರ ಲೇಖನಗಳನ್ನು ಇವತ್ತೇ ತೆಗೆಯಿರಿ. ಸಂದರ್ಶನದಲ್ಲಿ ಯಾರಾದರೂ ಹಲ್ಲಿನ ಬಗ್ಗೆ ಕೇಳಿದರೆ ಏನು ಹೇಳುತ್ತೀರಿ?

ಆಮೇಲೆ ಓರ್ಕಿಡ್ ನಂಬರ್, ಅಂದರೆ ಸಂಶೋಧಕರ ಗುರುತಿನ ನಂಬರ್, ಮಾಡಿಸಿಕೊಳ್ಳಿ. ಹದಿನಾರು ಅಂಕಿ, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷಿನಲ್ಲಿ ಒಂದು ಕಡೆ ‘ಹೆಗ್ಡೆ’, ಇನ್ನೊಂದು ಕಡೆ ‘ಹೆಗಡೆ’ ಅಂತ ಬರೆದಿದ್ದೀರಲ್ಲ, ಮುಂದಿನ ಲೇಖನದಿಂದ ಯಾವುದಾದರೂ ಒಂದಕ್ಕೆ ಗಟ್ಟಿಯಾಗಿ ನಿಲ್ಲಿ. ಸ್ಕೋಪಸ್‌ನಲ್ಲಿ ನೀವು ಇಬ್ಬರಾಗಿದ್ದೀರಿ. ಎರಡೂ ಖಾತೆ ಸೇರಿಸಿ ಅಂತ ಅವರಿಗೇ ಅರ್ಜಿ ಹಾಕಬಹುದು, ಅದಕ್ಕೂ ಖರ್ಚಿಲ್ಲ. ಆಗ ನಿಮ್ಮ 6 ಬಹುಶಃ 7 ಆದೀತು. 19 ಮಾತ್ರ ಆಗದು.