ಅರಮನೆಯಲ್ಲದ ಕಟ್ಟಡಕ್ಕೂ ಪರಂಪರೆಯ ಬೆಲೆ ಇದೆಯೇ?

ಓದುಗರ ಪತ್ರದ ಸಾರ: ನಮ್ಮ ಬಡಾವಣೆಯ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿಗೆ ಮಂಗಳೂರು ಹಂಚಿನ ಹಳೆಯ ಕಟ್ಟಡವಿದೆ. ಮುಂದೆ ಜಗುಲಿ, ಒಳಗೆ ಒಂದು ಹಾಲು, ಎರಡು ಕೋಣೆ. ಮಳೆಗಾಲದಲ್ಲಿ ಸೋರುತ್ತದೆ. ಕೆಡವಿ, ಮಹಡಿಯ ಮೇಲೆ ಸಮಾರಂಭದ ಹಾಲು ಇರುವ ಆರ್‌ಸಿಸಿ ಕಟ್ಟಡ ಕಟ್ಟಲು ಸಮಿತಿ ಹೊರಟಿದೆ. ‘ಇದೇನು ಅರಮನೆಯೇ, ಪರಂಪರೆ ಅನ್ನೋದಕ್ಕೆ?’ ಎಂದು ಕೇಳುತ್ತಾರೆ. ಏನು ಹೇಳಲಿ?
(ಮೈಸೂರಿನ ಓದುಗರೊಬ್ಬರು)

ಪ್ರಿಯ ಓದುಗರೇ,

ಸಮಿತಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಮೈಸೂರಿನವರ ಕಣ್ಣು ಗುಮ್ಮಟ, ಕಮಾನುಗಳಿಗೆ ಒಗ್ಗಿಹೋಗಿದೆ. ಆದರೆ ಈ ಊರಿನ ಇನ್ನೊಂದು ಹಿರಿಮೆ ಇರುವುದು ಬಡಾವಣೆಗಳಲ್ಲಿ. ಪ್ಲೇಗಿನ ಕಾಟ ಕಂಡ ಮೇಲೆ, 1903ರಲ್ಲಿ ಇಲ್ಲಿ ಊರನ್ನು ಸುಧಾರಿಸಿ ಬಡಾವಣೆ ಕಟ್ಟುವ ಸಿಐಟಿಬಿ (ನಗರ ಸುಧಾರಣಾ ಟ್ರಸ್ಟ್ ಮಂಡಳಿ) ಹುಟ್ಟಿತು. ಅಗಲವಾದ ರಸ್ತೆ, ಗಾಳಿ ಬೆಳಕು ಆಡುವ ನಿವೇಶನ, ಪಾರ್ಕು, ಆಟದ ಬಯಲು ಎಲ್ಲವೂ ಒಂದೇ ನಕ್ಷೆಯಲ್ಲಿ ಬಂದವು. ಆ ಬಯಲಿನ ಅಂಚಿನಲ್ಲಿ ನೆರೆಯವರೇ ಚಂದಾ ಎತ್ತಿ ಕಟ್ಟಿಕೊಂಡ ಕ್ಲಬ್ಬು ಆ ನಕ್ಷೆಗೆ ಜೀವ ತುಂಬಿದ ಜಾಗ.

ನಿಮ್ಮ ಕಟ್ಟಡವನ್ನು ಆಟದ ಅಂಕಣದಿಂದ ಬೇರೆ ಮಾಡಿ ನೋಡಬೇಡಿ. ಬಾಲ್ ಬ್ಯಾಡ್ಮಿಂಟನ್ನಿನ ಅಂಕಣ 24 ಮೀಟರ್ ಉದ್ದ, 12 ಮೀಟರ್ ಅಗಲ. ಒಂದೊಂದು ಕಡೆ ಐದು ಜನ, ಹಳದಿ ಉಣ್ಣೆಯ ಚೆಂಡು. ಚೆಂಡಿಗೆ ಶಟಲ್‌ಗಿಂತ ತೂಕ ಹೆಚ್ಚು. ಸಣ್ಣ ಗಾಳಿಗೆ ದಿಕ್ಕು ತಪ್ಪುವುದಿಲ್ಲ, ಹಾಗಾಗಿ ಇದು ಬಯಲಿನಲ್ಲೇ ಬೆಳೆದ ಆಟ. ಜಗುಲಿ ಅಂಕಣದ ಉದ್ದಕ್ಕೆ ಮುಖ ಮಾಡಿದೆಯೇ? ಅದರ ಮೇಲೆ ಕೂತರೆ ಎರಡೂ ತುದಿಯ ಗೆರೆ ಕಾಣುತ್ತವೆಯೇ? ಕಂಡರೆ, ಆಟ ನೋಡುವುದಕ್ಕೆಂದೇ ಹಾಕಿದ ಕಟ್ಟಡ ಅದು. ಅದರ ಬೆಲೆಯ ಮುಖ್ಯ ಪಾಲು ಇಲ್ಲಿದೆ. ಜಗುಲಿಗೆ ಗಾಜು ಹಾಕಿ ಮುಚ್ಚಿದರೂ, ಅಂಕಣದ ಅರ್ಧ ಪಾರ್ಕಿಂಗ್‌ಗೆ ಹೋದರೂ ಗೋಡೆ ಉಳಿದೀತು, ಬೆಲೆ ಉಳಿಯದು.

ಆಸ್ಟ್ರೇಲಿಯದವರು ಇಂಥದನ್ನು ಅಳೆಯಲು ದಾರಿ ಮಾಡಿಕೊಂಡಿದ್ದಾರೆ. ಪರಂಪರೆಯ ತಾಣಗಳನ್ನು ಕಾಪಾಡುವ ಬಗ್ಗೆ ಅಲ್ಲಿನ ತಜ್ಞರು ಒಪ್ಪಿಕೊಂಡ 1979ರ ಬುರ್ರಾ ಸನ್ನದಿನ ಪ್ರಕಾರ ಕಟ್ಟಡದ ಚೆಲುವು, ಚರಿತ್ರೆಯಷ್ಟೇ ತೂಕ ಅದರ ಸಾಮಾಜಿಕ ಬೆಲೆಗೂ ಇದೆ. ಅಲ್ಲಿನ ಉಪನಗರಗಳ ಸಾಧಾರಣ ಬೌಲಿಂಗ್ ಕ್ಲಬ್ಬುಗಳು (ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟದವು) ಸ್ಥಳೀಯ ಪರಂಪರೆ ಪಟ್ಟಿಗೆ ಸೇರಿರುವುದು ಹೀಗೆ. ನೀವೂ ಎರಡು ಪುಟದ ಟಿಪ್ಪಣಿ ಬರೆಯಿರಿ: ಯಾವಾಗ ಕಟ್ಟಿದ್ದು, ಯಾರ ದುಡ್ಡು, ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಸೇರಿದ್ದು, ಈಗ ಯಾರು ಬಳಸುತ್ತಾರೆ. ಆಧಾರಕ್ಕೆ ನಡಾವಳಿ ಪುಸ್ತಕ, ಗುತ್ತಿಗೆ ಪತ್ರ, ಕಂದಾಯದ ರಸೀದಿ, ಗೆದ್ದವರ ಹೆಸರಿನ ಹಲಗೆ, ಗುಂಪಿನ ಫೋಟೊ. ಹಂಚಿನ ಬೆನ್ನಿನ ಮುದ್ರೆಯನ್ನೂ ಬರೆದುಕೊಳ್ಳಿ. ಒಂದು ಎಚ್ಚರಿಕೆ: ಬಾಸೆಲ್ ಮಿಷನ್ ಹಂಚಿನ ಮೇಲೆ 1865 ಎಂದಿದ್ದರೆ ಅದು ಕಾರ್ಖಾನೆ ಶುರುವಾದ ವರ್ಷ. ಅದನ್ನೇ ಕಟ್ಟಡದ ವಯಸ್ಸೆಂದು ಬರೆದರೆ ಇಡೀ ಟಿಪ್ಪಣಿಯನ್ನೇ ಯಾರೂ ನಂಬುವುದಿಲ್ಲ.

ಇನ್ನು ಸೋರುವ ಮಾಡು. ಕೆಡವಲು ಎಲ್ಲರೂ ಕೊಡುವ ಕಾರಣ ಇದೇ. ಬಹಳ ಸಲ ಅತಿ ಸುಲಭವಾಗಿ ಸರಿಹೋಗುವುದೂ ಇದೇ. ಮಟಮಟ ಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಒಳಗಿನಿಂದ ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಕೆಲವು ಕಡೆ ಹಂಚು ಸೀಳಿರುತ್ತದೆ, ಕೇಬಲ್ ಎಳೆಯಲು ಹತ್ತಿದವರು ತುಳಿದದ್ದು. ಕೆಲವು ಕಡೆ ರೀಪರು, ಅಂದರೆ ಹಂಚು ಕೂರುವ ಮರದ ಪಟ್ಟಿ, ಬಾಗಿ ಹಂಚು ಜಾರಿರುತ್ತದೆ. ನೆತ್ತಿಯ ಸಾಲಿನ ಗಾರೆ ಬಿರುಕು ಬಿಟ್ಟಿರುತ್ತದೆ. ಎರಡು ಇಳಿಜಾರು ಸೇರುವ ಮೂಲೆಯ ತಗಡು, ಎಲೆ ಕಟ್ಟಿಕೊಂಡು ನೀರು ನಿಂತು, ತುಕ್ಕು ಹಿಡಿದಿರುತ್ತದೆ. ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ; ಮರದ ಗುಂಟ ನೀರು ಹರಿದು ಬರುತ್ತದೆ.

ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. 100 ಚದರ ಮೀಟರ್ ಮಾಡಿಗೆ 1,500. ಇಳಿಸುವಾಗ ಒಡೆಯುವುದಕ್ಕೆಂದು ನೂರೈವತ್ತು ಹೆಚ್ಚಿಗೆ ಇಟ್ಟುಕೊಳ್ಳಿ. ಹಳೆಯ ಮನೆ ಕೆಡವಿದ ಕಡೆ ಸಿಗುತ್ತವೆ, ಆದರೆ ಅದೇ ಮುದ್ರೆಯವನ್ನೇ ಹುಡುಕಿ. ಒಂದು ಕಾರ್ಖಾನೆಯ ಹಂಚಿನ ಕಾಲುವೆ ಇನ್ನೊಂದರದಕ್ಕೆ ಕಚ್ಚಿಕೊಳ್ಳುವುದಿಲ್ಲ. ಬೆರೆಸಿದರೆ ಸಂದಿ ಬಿಟ್ಟು ಮತ್ತೆ ಸೋರುತ್ತದೆ. ರೀಪರಿನ ಅಂತರ ಸಾಮಾನ್ಯವಾಗಿ 30ರಿಂದ 32 ಸೆಂಟಿಮೀಟರ್. ಹಂಚನ್ನೇ ಇಟ್ಟು ಅಳೆಯಿರಿ. ಹೆಚ್ಚಾದರೆ ಹಂಚಿನ ಮೇಲೆ ಹಂಚು ಕೂರುವ ಭಾಗ ಕಡಿಮೆಯಾಗಿ ಬೀಸು ಮಳೆ ಒಳಗೆ ಬರುತ್ತದೆ.

ತೊಲೆ, ಜಂತೆಗಳು ಗೋಡೆಯೊಳಗೆ ಹೋಗುವ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಕೊಳೆತಿದೆ. ಒಂದಡಿ ಕೊಳೆತರೆ ಅಷ್ಟನ್ನೇ ಕತ್ತರಿಸಿ, ತೇಗದ ತುಂಡು ಸೇರಿಸಿ ಬೋಲ್ಟ್ ಹಾಕುವ ಬಡಗಿಗಳಿದ್ದಾರೆ. ಇಡೀ ಮಾಡು ಬಿಚ್ಚಬೇಕಿಲ್ಲ.

ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಉದುರುತ್ತಿದೆಯೇ? ಗಾರೆ ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಬಳಿದು, ಮೇಲೆ ಪ್ಲಾಸ್ಟಿಕ್ ಬಣ್ಣ ಹಚ್ಚಿರಬಹುದು. ನೆಲದಿಂದ ಏರಿದ ತೇವ ಹೊರಬರಲಾಗದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಆ ಸಿಮೆಂಟನ್ನು ಕೆತ್ತಿ ತೆಗೆಸಿ. ಹೊಸ ಗಾರೆಗೆ ಎರಡು ವಾರವಾದರೂ ನೀರಿನಲ್ಲಿ ಕಳಿತ ಸುಣ್ಣ ಒಂದು ಪಾಲು, ತೊಳೆದ ಮರಳು ಮೂರು ಪಾಲು. ಗೋಡೆ ನೆನೆಸಿ, ಒಂದು ಸಲಕ್ಕೆ ಅರ್ಧ ಇಂಚಿಗಿಂತ ತೆಳುವಾಗಿ ಬಳಿದು, ಒದ್ದೆ ಗೋಣಿತಾಟು ಕಟ್ಟಿ ವಾರಕ್ಕೆ ಕಡಿಮೆಯಿಲ್ಲದಂತೆ ತೇವ ಕಾಯಬೇಕು. ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ; ಗಾರೆ ಕೆಟ್ಟಿತು ಎಂದು ದೂರುವ ಕಡೆಯಲ್ಲೆಲ್ಲ ಆಗಿರುವುದು ಈ ಅವಸರವೇ. ಮೇಲೆ ಸುಣ್ಣವನ್ನೇ ಹೊಡೆಸಿ.

ಸಮಿತಿಯ ಭಯವನ್ನು ಹಗುರ ಮಾಡಬೇಡಿ. 2012ರಲ್ಲಿ ಮೈಸೂರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಬಿರುಕಿದ್ದರೆ ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ನಿಂತಿದೆ ಎಂದರ್ಥ. ಒಡೆದರೆ ಆ ಕೋಣೆಗೆ ಬೀಗ ಹಾಕಿ, ಗಾರೆ ಮತ್ತು ಮರದ ಕಟ್ಟಡ ಬಲ್ಲ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಆರ್‌ಸಿಸಿ ಮಾತ್ರ ಗೊತ್ತಿರುವವರು ನೋಡಿದ ಕೂಡಲೇ ‘ಕೆಡವಿ’ ಎನ್ನುವುದುಂಟು.

ಕಾನೂನಿನ ಮಾತು ಚಿಕ್ಕದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡಕ್ಕೆ ವ್ಯಾಖ್ಯೆಯಿದೆ. ರಾಜರು ಕಟ್ಟಿಸಿರಬೇಕೆಂಬ ಷರತ್ತಿಲ್ಲ. ನಿಮ್ಮ ಟಿಪ್ಪಣಿ, ಫೋಟೊಗಳನ್ನು ಯೋಜನಾ ಪ್ರಾಧಿಕಾರಕ್ಕೂ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಕೊಡಿ. ಪಟ್ಟಿಗೆ ಸೇರಿದ ಮಾತ್ರಕ್ಕೆ ರಿಪೇರಿಯ ಹಣ ಬಂದುಬಿಡುತ್ತದೆಂದು ಮಾತ್ರ ನೆಚ್ಚಬೇಡಿ. ಬಯಲು 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ಪಟ್ಟಿಯಲ್ಲಿದೆಯೇ ಎಂದೂ ವಿಚಾರಿಸಿ.

ಹೆಣ್ಣುಮಕ್ಕಳು ಆಡಲು ಬರಬೇಕಾದರೆ ಒಳ್ಳೆಯ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಬೇಕೇ ಬೇಕು. ಅದನ್ನು ಕಟ್ಟಡದ ಹಿಂದೆ, ಹಳೆಯ ಗೋಡೆಗೆ ತಾಗದಂತೆ ಒಂದು ಮೀಟರ್ ಬಿಟ್ಟು ಕಟ್ಟಿ. ಆ ಸಂದಿಯಲ್ಲಿ ಸೂರಿನ ನೀರು ಸರಾಗವಾಗಿ ಹರಿದುಹೋಗಲಿ. ಸಮಾರಂಭದ ಹಾಲಿನ ಮಾತು ಮಹಾಸಭೆಗೆ ಬಂದ ದಿನ ಗುತ್ತಿಗೆ ಪತ್ರವನ್ನು ಜೊತೆಗೆ ಒಯ್ಯಿರಿ. ಜಾಗವನ್ನು ಯಾವ ಉದ್ದೇಶಕ್ಕೆ ಕೊಟ್ಟದ್ದು ಎಂಬ ಸಾಲನ್ನು ಎಲ್ಲರ ಮುಂದೆ ಓದಿಸಿ. ಆಮೇಲೆ ರಿಪೇರಿಯದೊಂದು, ಹೊಸ ಕಟ್ಟಡದ್ದೊಂದು, ಹೀಗೆ ಎರಡು ಅಂದಾಜು ಪಟ್ಟಿ ತರಿಸಬೇಕೆಂದು ಕೇಳಿ, ಆ ಮಾತನ್ನು ನಡಾವಳಿಯಲ್ಲಿ ಬರೆಸಿ.

– ಸಂಪಾದಕರು